ಉಪವಾಸ ಮಾಡಿಸಿದರೆ ಜೀವಕೋಶದ ಕಸ ಹೋಗಿ ಕ್ಯಾನ್ಸರ್ ಕಡಿಮೆಯಾಗುತ್ತದಾ?

ನಿಮ್ಮ ತಂದೆಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್, ಅದಕ್ಕೆ ಬೊರ್ಟೆಝೋಮಿಬ್ ಇಂಜೆಕ್ಷನ್ ಶುರುವಾಗಿದೆ, ಜೊತೆಗೆ ಉಪವಾಸ ಮಾಡಿಸಿ 'ಆಟೋಫೇಜಿ', ಅಂದರೆ ಕೋಶ ತನ್ನೊಳಗಿನ ಕಸವನ್ನು ತಾನೇ ಕರಗಿಸಿಕೊಳ್ಳುವುದನ್ನು, ಹೆಚ್ಚಿಸಲಾ ಅಂತ ಕೇಳಿದ್ದೀರಿ. ಬೇಡ. ನೀವು ಕೇಳಿಯಾದರೂ ಕೇಳಿದಿರಿ. ನಾನು ಯಾರನ್ನೂ ಕೇಳದೆ ಮಾಡಿಸಿಬಿಟ್ಟಿದ್ದೆ.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಅಪ್ಪಯ್ಯನಿಗೆ ಸೊಂಟನೋವು ಶುರುವಾಗಿದ್ದು ಕೊನೆಕೊಯ್ಲಿನ ಹೊತ್ತಿಗೆ. ಮೂಟೆ ಎತ್ತಿದ್ದಕ್ಕೆ ಇರಬೇಕು ಅಂದುಕೊಂಡು ಎಣ್ಣೆ ತಿಕ್ಕಿದೆವು, ನೋವಿನ ಮಾತ್ರೆ ಕೊಟ್ಟೆವು. ಆಮೇಲೆ ರಕ್ತ ಕಡಿಮೆಯಾಯಿತು, ತೋಟದ ಮೆಟ್ಟಿಲು ಹತ್ತಿದರೆ ಏದುಸಿರು. ಸ್ಕ್ಯಾನ್ ಮಾಡಿಸಿದಾಗ ಬೆನ್ನೆಲುಬಲ್ಲಿ ಬಿರುಕು ಕಂಡಿತು. ಅವರಿಗೂ ಇದೇ ಮೈಲೋಮಾ, ಇದೇ ಇಂಜೆಕ್ಷನ್. ನಮ್ಮ ಜಿಲ್ಲೆಯಲ್ಲಿ ಇಂಥದ್ದಕ್ಕೆಲ್ಲ ಚಿಕಿತ್ಸೆ ಸಿಗುವುದು ಕಷ್ಟ, ಗೊತ್ತಲ್ಲ. ಮಂಗಳೂರು ಕಡೆ ಓಡಬೇಕು. ನಾನು ಕುಮಟಾದಲ್ಲಿದ್ದೆ. ರೈಲಿಗೆ ಹತ್ತಿರ ಅಂತ ಅವರನ್ನು ನನ್ನಲ್ಲಿಗೇ ಕರೆತಂದೆ.

ಅಪ್ಪಯ್ಯ ಮೊದಲಿನಿಂದ ಏಕಾದಶಿ ಮಾಡುವವರು. ಅವರ ಏಕಾದಶಿ ಅಂದರೆ ಅವಲಕ್ಕಿ, ಬಾಳೆಹಣ್ಣು, ಎರಡು ಸಲ ಕಷಾಯ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ನಾನು ಅದನ್ನು 'ವೈಜ್ಞಾನಿಕ' ಮಾಡಲು ಹೊರಟೆ. ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಜಪಾನಿನ ವಿಜ್ಞಾನಿಗೆ ಉಪವಾಸದ ಮೇಲೆ ನೊಬೆಲ್ ಬಂದಿದೆಯಂತೆ, ನೀರೂ ಕುಡಿಯದೆ ಇದ್ದರೆ ಜೀವಕೋಶ ಕ್ಯಾನ್ಸರನ್ನು ತಾನೇ ತಿಂದು ಮುಗಿಸುತ್ತದಂತೆ. ನೊಬೆಲ್ ಅಂದ ಮೇಲೆ ಮುಗಿಯಿತಲ್ಲ! ವಾರಕ್ಕೊಂದು ದಿನ ನಿರ್ಜಲ ಉಪವಾಸ ಅಂತ ನಿಯಮ ಮಾಡಿದೆ.

ಏಪ್ರಿಲ್ ಕೊನೆ. ಕುಮಟಾದ ಸೆಕೆ ಘಟ್ಟದ ಮೇಲಿನವರಿಗೆ ಎಲ್ಲಿ ತಡೆಯುತ್ತದೆ? ಫ್ಯಾನಿನ ಕೆಳಗೆ ಕೂತರೂ ಅಪ್ಪಯ್ಯನ ಬನಿಯನ್ ಹಿಂಡಿದರೆ ನೀರು ಬರುವ ಹಾಗಿತ್ತು. 'ಒಂದ್ ಗುಟುಕು ನೀರು ಕುಡದ್ರೆ ಎಂತ ಆಗ್ತು ತಮಾ?' ಅಂತ ಕೇಳಿದರು. ನಾನು ಮೊಬೈಲ್ ತೋರಿಸಿದೆ. ಆಯಿ ಮಜ್ಜಿಗೆ ಲೋಟ ಹಿಡಿದು ಬಂದಳು, ಅದನ್ನೂ ವಾಪಸ್ ಕಳಿಸಿದೆ. ಮೂತ್ರ ಕಡಿಮೆಯಾಗಿ ಚಹಾದ ಬಣ್ಣಕ್ಕೆ ತಿರುಗಿತು. 'ವಿಷ ಹೊರಗೆ ಹೋಗುವ ಲಕ್ಷಣ' ಅಂತ ವಿಡಿಯೋದಲ್ಲಿ ಮೊದಲೇ ಹೇಳಿಟ್ಟಿದ್ದರು. ನಂಬಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೈಲೋಮಾದಲ್ಲಿ ಇದೊಂದು ತಪ್ಪಂತೂ ಮಾಡಲೇಬಾರದು. ಮೈಲೋಮಾ ಅಂದರೆ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಅವುಗಳ ಕೆಲಸವೇ ಆಂಟಿಬಾಡಿ ಎಂಬ ಪ್ರೋಟೀನ್ ತಯಾರಿಸುವುದು. ಕ್ಯಾನ್ಸರ್ ಆದಾಗ ಒಂದೇ ತರಹದ ಪ್ರೋಟೀನನ್ನು ಲೆಕ್ಕವಿಲ್ಲದೆ ತಯಾರಿಸುತ್ತವೆ. ಅದರ ತುಂಡುಗಳು, ಲೈಟ್ ಚೈನ್ ಅಂತಾರೆ, ರಕ್ತದಿಂದ ಕಿಡ್ನಿಗೆ ಇಳಿಯುತ್ತವೆ. ನೀರು ಸಾಕಷ್ಟು ಹರಿಯುತ್ತಿದ್ದರೆ ಎಷ್ಟೋ ಭಾಗ ತೊಳೆದುಹೋಗುತ್ತದೆ. ನೀರು ಕಡಿಮೆಯಾದರೆ ಅಲ್ಲಿನ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಗಟ್ಟಿಯಾಗಿ, ಕಿಡ್ನಿಯ ಸಣ್ಣ ನಳಿಕೆಗಳನ್ನು ಕಟ್ಟಿಹಾಕುತ್ತವೆ. ಇದರ ಮೇಲೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬಿದ್ದರೆ ಇನ್ನೂ ಕೆಟ್ಟದ್ದು. ಅಪ್ಪಯ್ಯ ಹಳೇ ಪಟ್ಟಿಯಿಂದ ಅದನ್ನೂ ನುಂಗುತ್ತಿದ್ದರು. ಮಾತ್ರೆಗೆ ನೀರು ಕುಡಿದರೆ ಉಪವಾಸ ಕೆಡುತ್ತದೆ ಅಂತ ಒಣಗಂಟಲಲ್ಲೇ ನುಂಗಿದ್ದರಂತೆ!

ಮುಂದಿನ ಇಂಜೆಕ್ಷನ್‌ಗೆ ಹೋದಾಗ ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಕೂತಿತ್ತು, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅಡ್ಮಿಟ್ ಮಾಡಿಸಿಕೊಂಡರು. ಡಯಾಲಿಸಿಸ್ ಸ್ವಲ್ಪದರಲ್ಲಿ ತಪ್ಪಿತು. ಆದರೆ ಜೊತೆಗೆ ಕೊಡುತ್ತಿದ್ದ ಲೆನಾಲಿಡೊಮೈಡ್ ಮಾತ್ರೆ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ಹಾಗಾಗಿ ಅದನ್ನು ನಿಲ್ಲಿಸಿದರು, ಆಮೇಲೆ ಡೋಸ್ ಇಳಿಸಿ ಕೊಟ್ಟರು. ಕಿಡ್ನಿ ಪೂರ್ತಿ ಮೊದಲಿನ ಹಾಗೆ ಆಗಲೇ ಇಲ್ಲ. ಈಗಲೂ ಪ್ರತಿ ಔಷಧಿಗೂ ಮೊದಲು ಕಿಡ್ನಿ ರಿಪೋರ್ಟ್ ನೋಡಿಯೇ ಡೋಸ್ ಬರೆಯುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಕಸ ಹೋದರೆ ಒಳ್ಳೆಯದಲ್ಲವಾ' ಅಂತ ಕೇಳಿದ್ದೀರಿ. ಆ ಲೆಕ್ಕವೇ ತಪ್ಪು. ಕಸ ಯಾರದ್ದು, ತೆಗೆದರೆ ಯಾರು ಬದುಕುತ್ತಾರೆ ಅಂತ ನೋಡಬೇಕು.

ಕೋಶದೊಳಗೆ ಕೆಲಸ ಮುಗಿದ, ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನ್ ಗುರುತಾಗಿ ಅಂಟಿಕೊಳ್ಳುತ್ತದೆ, ಮಂಡಿಯಲ್ಲಿ ಅಡಿಕೆ ರಾಶಿಗೆ ಲಾಟ್ ಚೀಟಿ ಇಟ್ಟ ಹಾಗೆ. ಆ ಗುರುತು ಕಂಡರೆ ಪ್ರೋಟಿಯಸೋಮ್ ಎಂಬ ಕೋಶದೊಳಗಿನ ಯಂತ್ರ ಅದನ್ನು ಒಳಗೆಳೆದು ಚೂರು ಮಾಡುತ್ತದೆ. ಈ ಗುರುತಿನ ವ್ಯವಸ್ಥೆಯನ್ನು ಕಂಡುಹಿಡಿದಿದ್ದಕ್ಕೆ ಸಿಚಾನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಮೈಲೋಮಾ ಕೋಶ ಹಗಲೂರಾತ್ರಿ ಪ್ರೋಟೀನ್ ಮಾಡುವುದರಿಂದ ಅದಕ್ಕೆ ಕೆಟ್ಟ ಮಾಲೂ ಜಾಸ್ತಿ. ಪ್ರೋಟಿಯಸೋಮ್ ಇಲ್ಲದೆ ಅದಕ್ಕೆ ಗತಿಯಿಲ್ಲ. ಬೊರ್ಟೆಝೋಮಿಬ್ ಅದನ್ನೇ ತಡೆಯುತ್ತದೆ. ಸರಿಯಾಗಿ ಮಡಚಿಕೊಳ್ಳದೆ ಕೆಟ್ಟ ಪ್ರೋಟೀನ್ ಒಳಗೇ ತುಂಬಿ, ಒತ್ತಡ ತಾಳದೆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಇದಕ್ಕೆ ಅಪೊಪ್ಟೋಸಿಸ್ ಅಂತಾರೆ. ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಅಂದರೆ ನಿಮ್ಮ ತಂದೆಗೆ ಈಗ ಕೊಡುತ್ತಿರುವುದೇ ಕಸ ತೆಗೆಯುವುದನ್ನು ನಿಲ್ಲಿಸುವ ಔಷಧಿ!

ಲೆನಾಲಿಡೊಮೈಡ್ ಇದಕ್ಕೆ ತದ್ವಿರುದ್ಧ. ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಮೈಲೋಮಾ ಕೋಶ ಬದುಕಲು ಬೇಕಾದ ಇಕಾರೋಸ್, ಐಯೊಲೋಸ್ ಎಂಬೆರಡು ಪ್ರೋಟೀನುಗಳಿಗೆ ಗುರುತು ಬೀಳುವಂತೆ ಮಾಡುತ್ತದೆ. ಅವು ನಾಶವಾಗುತ್ತವೆ, ಕ್ಯಾನ್ಸರ್ ಸೊರಗುತ್ತದೆ. ಒಬ್ಬನೇ ರೋಗಿಗೆ ಒಂದು ಔಷಧಿ ನಾಶ ತಡೆಯಲು, ಇನ್ನೊಂದು ನಾಶ ಮಾಡಿಸಲು. ನನಗೆ ಇದು ತಲೆಗೆ ಹತ್ತಲು ಬಹಳ ಸಮಯ ಬೇಕಾಯಿತು. ಗರ್ಭಕಂಠದ ಕ್ಯಾನ್ಸರಿನಲ್ಲಂತೂ ಎಚ್‌ಪಿವಿ ವೈರಸ್ಸೇ ಈ ವ್ಯವಸ್ಥೆಯನ್ನು ಕದಿಯುತ್ತದೆ. ಕೆಟ್ಟ ಕೋಶವನ್ನು ಸಾಯಿಸಬೇಕಾದ ಪಿ53 ಪ್ರೋಟೀನಿಗೇ ಗುರುತು ಹಾಕಿಸಿ ಇಲ್ಲವಾಗಿಸುತ್ತದೆ.

ಆಟೋಫೇಜಿ ಇನ್ನೊಂದು ದಾರಿ. ಇಲ್ಲಿ ದೊಡ್ಡ ದೊಡ್ಡ ತುಂಡುಗಳನ್ನೇ ಚೀಲ ಕಟ್ಟಿ ಕರಗಿಸುತ್ತದೆ. ವಿಡಿಯೋದಲ್ಲಿ ಹೇಳಿದ ಜಪಾನಿನ ವಿಜ್ಞಾನಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದಿದ್ದು ಯೀಸ್ಟಿನಲ್ಲಿ ಇದರ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ, ಕ್ಯಾನ್ಸರ್ ರೋಗಿಗೆ ಉಪವಾಸ ಮಾಡಿಸಿದ್ದಕ್ಕಲ್ಲ. ಕ್ಯಾನ್ಸರ್ ಹುಟ್ಟುವ ಮೊದಲು ಆಟೋಫೇಜಿ ಕಾಪಾಡಬಹುದು. ಬೇರೂರಿದ ಮೇಲೆ ಎಷ್ಟೋ ಸಲ ಗೆಡ್ಡೆಯೇ ಅದನ್ನು ಬಳಸಿಕೊಂಡು ಹಸಿವಿನಲ್ಲೂ ಬದುಕುತ್ತದೆ. ಅದಕ್ಕೇ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ಆಟೋಫೇಜಿ ನಿಲ್ಲಿಸುವ ಪ್ರಯೋಗಗಳು ನಡೆದಿವೆ. ಪ್ರೋಟಿಯಸೋಮ್ ಬಂದ್ ಆದಾಗ ಕೋಶಗಳು ಆಟೋಫೇಜಿಯ ದಾರಿ ಹಿಡಿಯುವುದನ್ನೂ ಲ್ಯಾಬಿನಲ್ಲಿ ಕಂಡಿದ್ದಾರೆ. ಮುಂಬಾಗಿಲು ಮುಚ್ಚಲು ಡಾಕ್ಟರು ಇಂಜೆಕ್ಷನ್ ಕೊಡುತ್ತಿದ್ದರೆ ನಾನು ಹಿತ್ತಲ ಬಾಗಿಲು ತೆರೆಯಲು ಹೊರಟಿದ್ದೆ!

ಹಾಗಂತ ಯಾವ ಉಪವಾಸವೂ ಯಾರಿಗೂ ಬೇಡ ಅಂತಲ್ಲ. ಮೈಲೋಮಾದವರಿಗೆ ಚಿಕಿತ್ಸೆ ನಡೆಯುವಾಗ ಬೇಡ, ಅಷ್ಟೇ. ನೀರು ದಿನಕ್ಕೆ ಎಷ್ಟು ಅಂತ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಹೃದಯದ ತೊಂದರೆ ಇದ್ದರೆ ಲೆಕ್ಕ ಬೇರೆ. ಗ್ರೀನ್ ಟೀ, ಅದರ ಕ್ಯಾಪ್ಸೂಲ್, ದೊಡ್ಡ ಡೋಸಿನ ವಿಟಮಿನ್ ಸಿ ಮಾತ್ರೆ ಇವೂ ಬೇಡ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಅಂಶ ಬೊರ್ಟೆಝೋಮಿಬ್‌ಗೆ ನೇರವಾಗಿ ಅಂಟಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಲ್ಯಾಬಿನಲ್ಲೂ ಇಲಿಗಳಲ್ಲೂ ಕಂಡಿದೆ. ಊರವರು ಪ್ರೀತಿಯಿಂದ ತಂದುಕೊಡುವುದು ಇಂಥವನ್ನೇ. ತಗೊಳ್ಳಿ, ಡಬ್ಬಿಯಲ್ಲಿಡಿ, ಕೊಡಬೇಡಿ.

ಪಾದ ಜೋಮು ಹಿಡಿದರೆ, ಉರಿದರೆ ಆ ದಿನವೇ ಹೇಳಿ, ವಯಸ್ಸಾಯಿತು ಅಂತ ಸುಮ್ನೆ ಇರಬೇಡಿ. ಬೊರ್ಟೆಝೋಮಿಬ್ ನರಕ್ಕೆ ತೊಂದರೆ ಕೊಡುತ್ತದೆ. ಬೇಗ ಹೇಳಿದರೆ ಡೋಸ್ ಇಳಿಸುತ್ತಾರೆ. ಸರ್ಪಸುತ್ತು ಬಾರದಿರಲು ಅಸೈಕ್ಲೋವಿರ್ ಕೊಟ್ಟಿದ್ದರೆ ನಿಲ್ಲಿಸಬೇಡಿ. ಮತ್ತೆ, ನೀವೂ ದೂರದಿಂದ ಹೋಗುವವರಾದರೆ ರಕ್ತ ಪರೀಕ್ಷೆ ಊರಲ್ಲೇ ಮಾಡಿಸಿಕೊಂಡು ಹೋಗಬಹುದಾ ಅಂತ ಕೇಳಿ ನೋಡಿ. ನಮಗೆ ಒಪ್ಪಿದರು. ಇಲ್ಲದಿದ್ದರೆ ರಿಪೋರ್ಟಿಗೆ ಕಾದು ವಾಪಸ್ ರೈಲೂ ತಪ್ಪುತ್ತದೆ.