ಉಯ್ಯಾಲೆ ಮಣೆಯ ಬಿಳಿ ಮಬ್ಬು

ಪ್ರಶ್ನೆ: ಶ್ರಾವಣದ ಗೃಹಪ್ರವೇಶಕ್ಕೆಂದು ಹಲಸಿನ ಮರದ ಉಯ್ಯಾಲೆ ಮಣೆಗೆ ಬೇಗ ಒಣಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದೆ. ಹೊರಗೆ ಮಳೆ, ಹಾಗಾಗಿ ಬಚ್ಚಲೊಲೆಯ ಪಕ್ಕ ಇಟ್ಟುಕೊಂಡಿದ್ದೆ. ಒಣಗಿತು, ಆದರೆ ಮೇಲೆಲ್ಲ ಬಿಳಿ ಮಬ್ಬು. ಪೂರ್ತಿ ಕೆರೆಯಬೇಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಉಪ್ಪುಕಾಗದ ಕೆಳಗಿಡಿ ಮಾರಾಯ್ರೆ! ತಪ್ಪು ಮರದ್ದಲ್ಲ, ಆಷಾಢದ ಗಾಳಿಯದ್ದು. ಲ್ಯಾಕರನ್ನು ತೆಳುಮಾಡುವ ಥಿನ್ನರ್ ಸರಕ್ಕನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಪದರದೊಳಗೆ ಸಿಕ್ಕಿಬೀಳುತ್ತದೆ. ಹೊಳವಾದ ದಿನ ರಿಟಾರ್ಡರ್ (ನಿಧಾನವಾಗಿ ಆರುವ ದ್ರಾವಕ) ಬೆರೆಸಿದ ಥಿನ್ನರನ್ನು ತೆಳ್ಳಗೆ ಸ್ಪ್ರೇ ಮಾಡಿ. ಪದರ ತುಸು ಕರಗಿ, ತೇವ ಹೊರಬಿದ್ದರೆ ಮಬ್ಬು ಬಹುಮಟ್ಟಿಗೆ ಹೋಗುತ್ತದೆ.

ನನಗೆ ಭಯವಾಗಿದ್ದು ಆ ಬಚ್ಚಲೊಲೆ ಓದಿ. ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ದೂರದ ಕೆಂಡವನ್ನೂ ಮುಟ್ಟೀತು. ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಜಗಲಿಯೇ ಸರಿ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವುದೇ ಬೇಕು.

ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶೂ ಬೇಗ ಒಣಗುತ್ತದೆ, ಚೆಂದವೂ ಹೌದು. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ; ಉಯ್ಯಾಲೆಯಲ್ಲಿ ಕೂತು ಕಾಫಿ ಕುಡಿಯದ ಮಲೆನಾಡಿಗರುಂಟೇ? ಮುಂದಿನ ಸಲ ನೀರು ಆಧಾರಿತ ಪಿಯು (ಪಾಲಿಯುರೆಥೇನ್) ಪಾಲಿಶ್ ಹಚ್ಚಿ. ವಾಸನೆ ಕಡಿಮೆ, ಬೆಂಕಿಯ ಭಯವೂ ಕಡಿಮೆ. ಜಡಿಮಳೆಯಲ್ಲಿ ಮಾತ್ರ ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಕಾಯಬೇಕು.