ಬೋರ್‌ವೆಲ್‌ನಲ್ಲಿ ನೀರು ಮುಗಿದರೂ ಮೋಟಾರ್ ಓಡುತ್ತಲೇ ಇರುತ್ತದೆ, ಓವರ್‌ಲೋಡ್ ರಿಲೇ ಯಾಕೆ ಟ್ರಿಪ್ ಆಗಲ್ಲ?

ಯಾಕಂದ್ರೆ ಅದು ನೋಡುವುದು ಆಂಪ್ ಜಾಸ್ತಿಯಾಯ್ತಾ ಅಂತ ಮಾತ್ರ. ನೀರು ಇಲ್ಲದಾಗ ಮೋಟಾರ್‌ಗೆ ಭಾರವೇ ಇಲ್ಲ, ಆಂಪ್ ಕಡಿಮೆಯಾಗುತ್ತದೆ, ಹಾಗಾಗಿ ರಿಲೇ ಪಾಲಿಗೆ ಎಲ್ಲವೂ ಸರಿಯಾಗಿದೆ! ಆದರೆ ಸಬ್‌ಮರ್ಸಿಬಲ್ (ನೀರೊಳಗೇ ಮುಳುಗಿ ಓಡುವ) ಮೋಟಾರ್ ತಣ್ಣಗಿರುವುದೇ ಅದರ ಮೈ ಸವರಿಕೊಂಡು ಮೇಲೆ ಹೋಗುವ ನೀರಿನಿಂದ. ಆ ನೀರು ನಿಂತರೆ ಶಾಫ್ಟ್ ತಿರುಗುವ ಬುಷ್ ಸವೆಯುತ್ತದೆ, ಕೊನೆಗೆ ವೈಂಡಿಂಗ್ (ಒಳಗಿನ ತಂತಿ ಸುತ್ತು) ಸುಡುತ್ತದೆ. ಕರೆಂಟ್ ಬಂದಾಗ ತಾನೇ ಮೋಟಾರ್ ಆನ್ ಮಾಡುವ ಆಟೋ ಸ್ಟಾರ್ಟರ್ ಹಾಕಿ ರಾತ್ರಿ ಮಲಗಿದ್ದಾಗ ನಮ್ಮದೂ ಹೀಗೇ ಹೋಯಿತು.

ಬೇಕಿರುವುದು ಡ್ರೈ ರನ್ ಪ್ರಿವೆಂಟರ್. ಆಂಪ್ ನೀವು ಇಟ್ಟ ಮಟ್ಟಕ್ಕಿಂತ ಕೆಳಗಿಳಿದರೆ ಕೆಲವು ಸೆಕೆಂಡ್ ಕಾದು ಆಫ್ ಮಾಡುತ್ತದೆ. ಸೆಟ್ಟಿಂಗ್ ಮಾತ್ರ ಅಂದಾಜಿಗೆ ಬಿಡಬೇಡಿ. ಪೈಪ್ ತುಂಬ ನೀರು ಬರುತ್ತಿರುವಾಗ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಆಂಪ್ ಅಳೆಯುವ ಮೀಟರ್) ಹಿಡಿದು ನೋಡಿ, 10 ಆಂಪ್ ತೋರಿಸಿದರೆ 7–8ಕ್ಕೆ ಇಡಿ. ತೀರಾ ಹತ್ತಿರ ಇಟ್ಟರೆ ಓಲ್ಟೇಜ್ ಏರಿಳಿದಾಗೆಲ್ಲ ಸುಮ್ನೆ ಟ್ರಿಪ್ ಆಗಿ ತಲೆ ತಿನ್ನುತ್ತದೆ.

ಇನ್ನೊಂದು ವಿಷಯ, ಚಿಕ್ಕ ಮೋಟಾರ್‌ಗಳಲ್ಲಿ, ಅದರಲ್ಲೂ ಸಿಂಗಲ್ ಫೇಸ್‌ನಲ್ಲಿ, ಭಾರ ಇಲ್ಲದಿದ್ದರೂ ಆಂಪ್ ಅಷ್ಟೇನೂ ಇಳಿಯುವುದಿಲ್ಲ, ಏಕೆಂದರೆ ಕಾಂತಕ್ಷೇತ್ರ ಉಳಿಸಿಕೊಳ್ಳಲು ಅದಕ್ಕೆ ಕರೆಂಟ್ ಬೇಕೇ ಬೇಕು. ಅಂಥದ್ದಕ್ಕೆ ಪವರ್ ಫ್ಯಾಕ್ಟರ್ (ಎಳೆಯುವ ಕರೆಂಟ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅಥವಾ ಕಿಲೋವ್ಯಾಟ್ ನೋಡುವ ರಿಲೇ ಒಳ್ಳೆಯದು. ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಹರಿದು ಮೋಟಾರ್‌ಗೆ ಭಾರ ತಪ್ಪಿದರೂ ಇದೇ ರಿಲೇ ಹಿಡಿಯುತ್ತದೆ.

ಟ್ರಿಪ್ ಆದ ತಕ್ಷಣ ಮತ್ತೆ ಆನ್ ಮಾಡಬೇಡಿ. ಬೋರ್‌ಗೆ ನೀರು ಊರಲು ಎಷ್ಟು ಹೊತ್ತು ಬೇಕೋ, ರೀಸ್ಟಾರ್ಟ್ ಟೈಮರ್ ಅಷ್ಟಕ್ಕೇ ಇರಲಿ.