ಪಾದದಿಂದ ಮೇಲೇರುವ ಜೋಮು

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. ಭೇದಿ ನಿಂತು ಹತ್ತು ದಿನವಾದ ಮೇಲೆ ಎರಡೂ ಪಾದಗಳಲ್ಲಿ ಜೋಮು ಶುರುವಾಯಿತು. ನಿಶ್ಶಕ್ತಿಯೆಂದು ಬಿ12 ಚುಚ್ಚುಮದ್ದು ಕೊಡಿಸಿದೆವು. ನಾಲ್ಕನೇ ದಿನ ಎದ್ದು ನಿಲ್ಲಲೂ ಆಗಲಿಲ್ಲ. ಗಿಯಾನ್-ಬಾರೆ ಸಿಂಡ್ರೋಮ್ ಎಂದರು. ಈಗ ಚೇತರಿಸಿಕೊಳ್ಳುತ್ತಿದ್ದಾನೆ. ನಾವು ಮೊದಲೇ ಗುರುತಿಸಬಹುದಿತ್ತೇ?

ಉತ್ತರ: ಮೊದಲ ಒಂದೆರಡು ದಿನ ಈ ಕಾಯಿಲೆ ವೈದ್ಯರನ್ನೂ ಏಮಾರಿಸುತ್ತದೆ, ದಯವಿಟ್ಟು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಭೇದಿ ತರುವ ಕ್ಯಾಂಪೈಲೊಬ್ಯಾಕ್ಟರ್ ರೋಗಾಣುವಿನ ಹೊರಪದರವು ನಮ್ಮ ನರಗಳ ಕೆಲವು ಅಂಶಗಳನ್ನು ಹೋಲುವುದರಿಂದ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಕೆಲವರಲ್ಲಿ ನರಗಳ ಮೇಲೆಯೇ ತಿರುಗಿಬೀಳುತ್ತವೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಹಲವರು ಒಮ್ಮೆಲೇ ಇದಕ್ಕೆ ತುತ್ತಾದಾಗ ಕುಡಿಯುವ ನೀರನ್ನು ತಪಾಸಣೆಗೆ ಒಳಪಡಿಸಿದ್ದು ಈ ಕಾರಣಕ್ಕೇ.

ಗಮನಿಸಬೇಕಾದದ್ದು ವೇಗವನ್ನು. ಸಕ್ಕರೆ ಕಾಯಿಲೆಯವರ ಜೋಮು ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಇದಾದರೋ ದಿನದಿಂದ ದಿನಕ್ಕೆ ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಮೇಲೇರುತ್ತದೆ. ನಡೆಯುವಾಗ ಚಪ್ಪಲಿ ಜಾರುವುದು, ಊಟಕ್ಕೆ ನೆಲದ ಮೇಲೆ ಕುಳಿತವರು ಕೈಯೂರದೆ ಏಳಲಾಗದಿರುವುದು, ಮೆಟ್ಟಿಲಿನಲ್ಲಿ ಮಂಡಿ ಕುಸಿಯುವುದು ಬರೀ ನಿಶ್ಶಕ್ತಿಯಲ್ಲ. ಕೆಲವರಿಗೆ ಮೊದಲು ಬರುವುದು ಬೆನ್ನುನೋವು, ಅದನ್ನು ಡಿಸ್ಕ್ ತೊಂದರೆಯೆಂದು ಭಾವಿಸುವುದುಂಟು. ವೈದ್ಯರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಜಿಗಿಯದಿದ್ದರೆ ಅನುಮಾನ ಬಲವಾಗುತ್ತದೆ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡ ಲಕ್ಷಣಗಳಲ್ಲಿ ಇದೂ ಒಂದು. ಬೆನ್ನುಹುರಿಯ ನೀರಿನ ಪರೀಕ್ಷೆ ಮೊದಲ ವಾರ ಸಹಜವಾಗಿಯೇ ಬರಬಹುದು, ಅಷ್ಟಕ್ಕೇ ನಿರಾಳರಾಗುವಂತಿಲ್ಲ.

ಎಲ್ಲಕ್ಕಿಂತ ನನಗೆ ಭಯ ಉಸಿರಾಟದ್ದು. ನುಂಗಲು ಕಷ್ಟವಾದರೆ, ಮಾತು ಮೂಗಿನಿಂದ ಬಂದಂತಾದರೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ, ರಾತ್ರಿಯೇ ಆಗಿರಲಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಂಬಿ ಕೂರಬೇಡಿ. ಉಸಿರಾಟದ ಸ್ನಾಯುಗಳು ಸೋತ ಎಷ್ಟೋ ಹೊತ್ತಿನ ಬಳಿಕ ಅದರ ಅಂಕಿ ಇಳಿಯುತ್ತದೆ.

ಇದಕ್ಕೆ ಚಿಕಿತ್ಸೆಯೆಂದರೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದು) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು), ಬೇಗ ಆದಷ್ಟೂ ಒಳ್ಳೆಯದು. ಸ್ಟಿರಾಯ್ಡ್ ಮಾತ್ರೆಗಳಿಂದ ಇದರಲ್ಲಿ ಪ್ರಯೋಜನವಿಲ್ಲ.

ಇನ್ನು ನಿಮ್ಮ ತಮ್ಮನ ವಿಷಯ. ಸಾಮಾನ್ಯವಾಗಿ ನಾಲ್ಕು ವಾರಗಳೊಳಗೆ ನಿಶ್ಶಕ್ತಿಯ ಏರಿಕೆ ನಿಲ್ಲುತ್ತದೆ. ಎಂಟು ವಾರ ದಾಟಿದರೂ ಅದು ಹೆಚ್ಚುತ್ತಿದ್ದರೆ, ಸಿಐಡಿಪಿ ಎಂಬ ದೀರ್ಘಕಾಲೀನ ನರದ ಉರಿಯೂತ ಇರಬಹುದು. ಅದಕ್ಕೆ ಸ್ಟಿರಾಯ್ಡ್ ಕೆಲಸ ಮಾಡುತ್ತದೆ. ಹಾಗಾಗಿ ನರರೋಗ ತಜ್ಞರಲ್ಲಿಗೆ ಮತ್ತೆ ಕರೆದೊಯ್ಯಿರಿ.